ಘಟಸರ್ಪಕ್ಕೆ ಹಾಲು

ನಾನು ಚಿಕ್ಕವನಿದ್ದಾಗ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಂದು ಘಟಸರ್ಪ ಇತ್ತು. ನಗಬೇಡಿ ಮಕ್ಕಳೇ, ನೀವು ಡ್ರ್ಯಾಗನ್ ಅನ್ನುತ್ತೀರಲ್ಲ, ಅದೇ. ಅಲ್ಲಿ ಕಾರ್ಖಾನೆಗಳೇ ತುಂಬಿದ್ದ ಎಂಐಡಿಸಿ ಪ್ರದೇಶದಲ್ಲಿ ನಮ್ಮ ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯೇ ಅದರ ಬಿಲ.

ಅದರ ಗುಣನಡತೆಯನ್ನೆಲ್ಲ ನನಗೆ ಹೇಳಿಕೊಟ್ಟವಳು ಅಕ್ಕ. ಕಲ್ಲಿದ್ದಲು ಅದರ ಊಟ, ಚಿಮಣಿ ಅದರ ಮೂಗು. ಮಳೆಗಾಲದಲ್ಲಿ ಅದು ಪೊರೆ ಬಿಡುತ್ತದೆ ಎಂದು ಗೋಡೆಯ ಹೊರಗೆ ಬಿದ್ದಿದ್ದ ಬೆಳ್ಳಿಬಣ್ಣದ ತಗಡಿನ ಚೂರು ತೋರಿಸಿದಳು. ಪಕ್ಕದ ನಾಲೆ ಒಂದು ದಿನ ಹಸಿರು, ಒಂದು ದಿನ ಕೆಂಪು ಹರಿಯುತ್ತಿತ್ತು. ಅದು ಘಟಸರ್ಪ ಬಾಯಿ ಮುಕ್ಕಳಿಸಿದ ನೀರಂತೆ! ಅಕ್ಕ ಒಂದಕ್ಕೆ ಎರಡು ಸೇರಿಸಿ ಹೇಳುವವಳು, ನಾನು ಎರಡನ್ನು ನಾಲ್ಕು ಮಾಡಿ ನಂಬುವವನು. ಸೈರನ್ ಕೂಗುವುದು ಅದಕ್ಕೆ ಹಸಿವಾದಾಗ ಎಂದಳು ನೋಡಿ, ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಸೈರನ್ ಕೂಗಿದ ಕೂಡಲೇ ಒಳಗೆ ಹೋಗುತ್ತಿದ್ದವನು ನಮ್ಮ ಅಪ್ಪ.

ನಾಗರಪಂಚಮಿ ಬಂತು. ಉಡುಪಿಯ ಕಡೆ ನಮ್ಮೂರಲ್ಲಾದರೆ ಬನದ ನಾಗನ ಕಲ್ಲಿಗೆ ಹಾಲೆರೆದು, ನಮ್ಮನ್ನು ಕಾಯಪ್ಪ ಎಂದು ಕೈಮುಗಿಯುತ್ತಾರೆ. ಡೊಂಬಿವಲಿಯಲ್ಲಿ ಬನ ಎಲ್ಲಿಂದ ಬರಬೇಕು? ಅಪ್ಪನಿಗೆ ರಜೆಯೂ ಇರಲಿಲ್ಲ. ಅಮ್ಮ ಅರಸಿನ ಎಲೆಯ ಕಡುಬು ಬೇಯಿಸಿ, ಅಪ್ಪನಿಗೆ ಕೊಟ್ಟು ಬಾ ಎಂದು ಬಿಸಿಬಿಸಿ ಡಬ್ಬಿಯನ್ನು ನನ್ನ ಕೈಗಿತ್ತಳು. ನಾನು ಅವಳಿಗೆ ಕಾಣದಂತೆ ಒಂದು ಲೋಟ ಹಾಲನ್ನೂ ಹಿಡಿದು ಹೊರಟೆ.

ಕಾರ್ಖಾನೆಯ ಗೋಡೆಯಿಂದ ಒಂದು ದಪ್ಪ ಕೊಳವೆ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಅದೇ ಬಾಲ. ಅದರ ಮೇಲಿನ ತಗಡು ಕಳಚಿದ್ದ ಜಾಗ ನೋಡಿ, ಕಣ್ಣು ಮುಚ್ಚಿ ಹಾಲೆರೆದೆ. ಚೊಂಯ್ ಎಂದು ಹಬೆ ಎದ್ದಿತು, ಸೀದ ಹಾಲಿನ ವಾಸನೆ ಮುಖಕ್ಕೆ ಹೊಡೆಯಿತು. ಘಟಸರ್ಪಕ್ಕೆ ಸಿಟ್ಟು ಬಂತು, ಇನ್ನು ಅಪ್ಪ ಉಳಿಯುವುದಿಲ್ಲ ಎಂದು ನಾನು ಗೇಟಿಗೆ ಓಡಿ ಬೊಬ್ಬೆ ಹೊಡೆದೆ.

ಅಪ್ಪ ಬೆವರು ಒರೆಸುತ್ತ ಬಂದ. ನನ್ನ ಬಿಕ್ಕಳಿಕೆಯ ನಡುವೆಯೇ ಕಥೆಯನ್ನೆಲ್ಲ ಕೇಳಿದ. ಬೈಯಲಿಲ್ಲ. ವಾಚ್‌ಮನ್‌ಗೆ ಮರಾಠಿಯಲ್ಲಿ ಏನೋ ಹೇಳಿ, ನನ್ನ ಕೈ ಹಿಡಿದು ಒಳಗೆ ಕರೆದೊಯ್ದ. ಅಲ್ಲಿ ನಮ್ಮ ಮನೆಗಿಂತ ದೊಡ್ಡದೊಂದು ಬಾಯ್ಲರ್ ಗುಡುಗುತ್ತಿತ್ತು, ಕಾಲಡಿಯ ನೆಲ ನಡುಗುತ್ತಿತ್ತು. ಅಪ್ಪ ನನ್ನನ್ನು ಎತ್ತಿ ಒಂದು ಪುಟ್ಟ ಗಾಜಿನ ಕಿಂಡಿ ತೋರಿಸಿದ. ಒಳಗೆ ಹಳದಿ ಬೆಂಕಿ ಸುರುಳಿ ಸುತ್ತುತ್ತ, ಹೊರಳುತ್ತ ನನ್ನನ್ನೇ ನೋಡುತ್ತಿತ್ತು. ಹೆದರಿಕೆ ಎಲ್ಲಿ ಹೋಯಿತೋ! ಅಷ್ಟು ಚಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಇದಕ್ಕೆ ಹಾಲು ಬೇಡ ಮಾರಾಯ, ನೀರು ಬೇಕು," ಎಂದು ಅಪ್ಪ ಪಕ್ಕದಲ್ಲಿ ನೀರಿನ ಮಟ್ಟ ಕಾಣುವ ಗಾಜಿನ ನಳಿಗೆಯನ್ನು ತೋರಿಸಿದ. "ನೀರು ಈ ಗೆರೆಗಿಂತ ಕೆಳಗೆ ಇಳಿದ್ರೆ ಇದು ಯಾರನ್ನೂ ಬಿಡುದಿಲ್ಲ. ಅದಕ್ಕೇ ನಾನು ಕಣ್ಣು ತೆಗೆಯುದಿಲ್ಲ."

"ಹಾಗಾದ್ರೆ ಇದು ಘಟಸರ್ಪ ಅಲ್ವಾ ಅಪ್ಪ?"

"ಅಲ್ಲ ಅಂತ ನಾನು ಹೇಳಿದ್ನಾ?"

ಈಗ ನೀವು ಮೊಬೈಲಿನಲ್ಲಿ ದಿನಕ್ಕೆ ಹತ್ತು ಡ್ರ್ಯಾಗನ್ ಕೊಂದು, "ಅಜ್ಜಾ, ಮೈ ಜೀತ್ ಗಯಾ!" ಎಂದು ಗೆದ್ದದ್ದನ್ನು ಹಿಂದಿಯಲ್ಲಿ ಸಾರುತ್ತ ಕುಣಿಯುತ್ತೀರಿ. ಕುಣಿಯಿರಿ, ನನಗೂ ಖುಷಿಯೇ. ಆದರೆ ಘಟಸರ್ಪವನ್ನು ಕೊಲ್ಲದೆ, ಅದು ಯಾರನ್ನೂ ಕೊಲ್ಲದಂತೆ ಮೂವತ್ತು ವರ್ಷ ಎದುರು ನಿಂತು ಕಾದವನ ಮರಿಮಕ್ಕಳು ನೀವು.