ಮಂಜಣ್ಣ ಕೊಟ್ಟ ವಿಲಾಯತಿ ಸೈಕಲ್ಲು

ನಮ್ಮನೆಯವರಿಗೆ, ಅಂದರೆ ನನ್ನ ಗಂಡ ಸುದರ್ಶನ ಭಟ್ಟರಿಗೆ, ಹಳೇ ಸಾಮಾನಿನ ಹುಚ್ಚು. ಅವರು ಅದನ್ನು ಹವ್ಯಾಸ ಅನ್ನುತ್ತಾರೆ, ಧೂಳು ಒರೆಸುವವಳು ನಾನಾದ್ದರಿಂದ ನಾನು ಹುಚ್ಚು ಅಂತಲೇ ಹೇಳುವುದು. ರೇಡಿಯೋ ಬಂತು, ಗೋಡೆ ಗಡಿಯಾರ ಬಂತು, ಸಹಿಸಿಕೊಂಡೆ. ಹೋದ ವರ್ಷ ದೀಪಾವಳಿ ಮುಗಿದ ಮಾರನೇ ವಾರ ಒಂದು ಸೈಕಲ್ಲು ತಳ್ಳಿಕೊಂಡು ಅಂಗಳಕ್ಕೆ ಬಂದರು. ಮೀನಿನ ವಾಸನೆ ಅವರಿಗಿಂತ ಮೊದಲೇ ಜಗುಲಿ ಹತ್ತಿತ್ತು. ಒಳಗೆ ತಂದರೆ ನಾನು ಹೊರಗೆ ಅಂದೆ. ಪಾಪ, ಕೊಟ್ಟಿಗೆಯ ಹಿಂದೆ ನಿಲ್ಲಿಸಿಕೊಂಡರು.

ಸೈಕಲ್ಲು ಧಾರೇಶ್ವರದ ಕಡಲ ದಂಡೆಯ ಮಂಜಣ್ಣನದು. ನಲವತ್ತು ವರ್ಷ ಅದರ ಹಿಂದೆ ಬುಟ್ಟಿ ಕಟ್ಟಿಕೊಂಡು ಕೇರಿ ಕೇರಿ ತಿರುಗಿ ಬಂಗಡೆ, ತಾರ್ಲೆ ಮೀನು ಮಾರಿದ ಮನುಷ್ಯ. ಅವನ ಅಪ್ಪ ಬೊಂಬಾಯಿಯಲ್ಲಿ ದುಡಿದು, ಆಗಬೋಟು ಅನ್ನುವ ಉಗಿ ಹಡಗು ಹತ್ತಿ ಊರಿಗೆ ಮರಳುವಾಗ ತಂದ ವಿಲಾಯತಿ ಗಾಡಿಯಂತೆ. ಸಕ್ಕರೆ ಕಾಯಿಲೆ ಮಂಜಣ್ಣನ ಎರಡೂ ಕಣ್ಣು ತಿಂದಮೇಲೆ ಅದು ಆರು ವರ್ಷದಿಂದ ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿತ್ತು. ಗುಜರಿಯವರು ಎಷ್ಟು ಸಲ ಕೇಳಿದರೂ ಕೊಟ್ಟಿರಲಿಲ್ಲ. ಅವನು ಪಿಂಚಣಿಗೆ ಅಂತ ಕುಮಟೆಯ ಬ್ಯಾಂಕಿಗೆ ಬಂದಾಗಲೆಲ್ಲ ಅಲ್ಲಿ ಗುಮಾಸ್ತರಾಗಿದ್ದ ಇವರು ಮಾತಾಡಿ ಮಾತಾಡಿ ಒಪ್ಪಿಸಿದ್ದರು. ದುಡ್ಡು ಬೇಡವೇ ಬೇಡ ಅಂದನಂತೆ.

“ಸಮಾ ಆದ್ಮೇಲೆ ಒಮ್ಮೆ ತಕಂಡ್ ಬನ್ನಿ ಭಟ್ರೇ. ನನ್ ಸೈಕಲ್ಲಿನ ಮೇಲೆ ಇನ್ನೊಂದ್ ಸಲ ಹೋಗ್ಬೇಕು. ಅಷ್ಟೇಯ.”

ಇವರು ಮಾತು ಕೊಟ್ಟು ಬಂದರು. ಕೊಟ್ಟದ್ದೇನೋ ಒಂದು ನಿಮಿಷದಲ್ಲಿ, ನಡೆಸುವುದಕ್ಕೆ ಹಿಡಿದದ್ದು ಎಂಟು ತಿಂಗಳು. ಭಾನುವಾರ ಬಂದರೆ ಊಟ ತಿಂಡಿ ಇಲ್ಲ. ಒಂದೊಂದೇ ಬೋಲ್ಟು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸುವುದು, ಮರಳು ಕಾಗದದಿಂದ ತಿಕ್ಕುವುದು, ಕಪ್ಪು ಬಣ್ಣ ಹೊಡೆದು ಅದರ ಮೇಲೆ ಬಂಗಾರದ ಬಣ್ಣದ ಗೀಟು ಎಳೆಯುವುದು. ರಿಮ್ಮಿಗೆ ಹುಬ್ಬಳ್ಳಿಗೆ ಹೋದರು. ಚರ್ಮದ ಸೀಟು ಹೊಲಿಸಲು ಹೊನ್ನಾವರಕ್ಕೆ ನಾಲ್ಕು ಸಲ ಹೋದರು, ನಾಲ್ಕು ಸಲವೂ ಸರಿಯಾಗಲಿಲ್ಲ ಅಂತ ಮುಖ ಸಣ್ಣ ಮಾಡಿಕೊಂಡು ಬಂದರು. ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಆಗಬೇಕು ಅನ್ನುವುದು ಇವರ ಹಟ.

ಅತ್ತ ಪೇಟೆಯಲ್ಲಿ ಮಂಜಣ್ಣನ ಹೆಂಡತಿ ಬೆಳ್ಳಿ ಸಿಕ್ಕಿದಾಗಲೆಲ್ಲ ನಾನು ಮುಖ ತಪ್ಪಿಸುವ ಹಾಗಾಯಿತು. ಸಕ್ಕರೆ ಕಾಯಿಲೆಗೆ ಮಂಜಣ್ಣನ ಕಾಲಿನ ಒಂದು ಬೆರಳು ತೆಗೆದರಂತೆ. ದಿನಾ ಬೆಳಗಾದರೆ ಸೈಕಲ್ ಆತಾ, ಸೈಕಲ್ ಆತಾ ಅಂತ ಕೇಳುತ್ತಾನಂತೆ. ಮಳೆಗಾಲ ಶುರುವಾಗುವ ಹೊತ್ತಿಗೆ ನನಗೆ ತಡೆಯಲಿಲ್ಲ. ನಿಮ್ಮ ಸೀಟಿಗಷ್ಟು ಮಣ್ಣು ಹಾಕಿ, ಆ ಮನುಷ್ಯನ ಜೀವ ಕಾಯುತ್ತದೆಯೇ ಅಂತ ಬೈದೆ. ಮರುದಿನ ಮಳೆ ನಿಂತು ಹೊಳವಾಗಿತ್ತು. ಇವರು ಸೈಕಲ್ಲಿನಲ್ಲಿ, ನಾನು ಹಿಂದೆ ಸ್ಕೂಟಿಯಲ್ಲಿ ಧಾರೇಶ್ವರಕ್ಕೆ ಹೊರಟೆವು.

ಮಂಜಣ್ಣ ಜಗುಲಿಯಿಂದ ಕೈ ಚಾಚಿದ. ಸೈಕಲ್ಲಿನ ನಡುವಿನ ಕಂಬಿ ಸವರಿದ, ಸೀಟು ಸವರಿದ, ಹ್ಯಾಂಡಲಿಗೆ ಬಂದವನು ಅಲ್ಲೇ ನಿಂತ. ಎರಡು ಕೈಯಲ್ಲೂ ಹಿಡಿದು, ಬಿಟ್ಟು, ಮತ್ತೆ ಹಿಡಿದ.

“ಇದು ನಂದಲ್ಲ ಭಟ್ರೇ,” ಅಂದ.

ಹ್ಯಾಂಡಲಿಗೆ ಅವನು ಬಲೆಯ ದಾರ ಸುತ್ತಿದ್ದ. ಮೀನು ಮುಟ್ಟಿದ ಒದ್ದೆ ಕೈ ಜಾರಬಾರದು ಅಂತ. ಇವರು ಅದನ್ನು ಬ್ಲೇಡಿನಿಂದ ಸೀಳಿ ಬಿಸಾಡಿ ಹೊಸ ರಬ್ಬರು ತೊಡಿಸಿದ್ದರು. ಸುಳ್ಳು ಯಾಕೆ ಹೇಳಲಿ, ಗಲೀಜು ಹೋಯಿತು, ಚೊಲೋ ಆತು ಅಂದವಳು ನಾನೇ. ಇವರು ಅಪರಾಧ ಮಾಡಿದವರ ಹಾಗೆ ತಲೆ ತಗ್ಗಿಸಿ ನಿಂತರು. ಎಂಟು ತಿಂಗಳು ಕಷ್ಟಪಟ್ಟ ಜೀವ. ನನಗೆ ಅಳುವೇ ಬಂತು.

ಮಂಜಣ್ಣನಿಗೆ ಅದು ಹೇಗೆ ಗೊತ್ತಾಯಿತೋ. ಬೇಜಾರು ಮಾಡ್ಕಣಬೇಡಿ ಅಂದು, ಬೆಳ್ಳಿಯ ಹತ್ತಿರ ದಾರದ ಉಂಡೆ ತರಿಸಿದ. ರಬ್ಬರು ಕಿತ್ತು ತಾನೇ ಸುತ್ತತೊಡಗಿದ. ಬಲೆ ನೇಯ್ದ ಕೈ, ಕಣ್ಣು ಬೇಕಾಗಲಿಲ್ಲ. ಮೂರು ಸುತ್ತಿಗೊಂದು ಗಂಟು, ಎಳೆದು ಬಿಗಿ ಮಾಡುವುದು, ಮತ್ತೆ ಮೂರು ಸುತ್ತು. ಅರ್ಧ ಗಂಟೆ ಹಿಡಿಯಿತು. ಮುಗಿದಮೇಲೆ ಗಟ್ಟಿಯಾಗಿ ಹಿಡಿದು ನೋಡಿ, ಈಗ ಆತು ಅಂದ.

ನಮ್ಮನೆಗೇ ಹೋಗಿ ಚಾ ಕುಡಿಯೋಣ ಅಂತ ಇವರು ಅವನನ್ನು ಹಿಂದೆ ಕೂರಿಸಿಕೊಂಡರು. ಇಷ್ಟು ವರ್ಷ ಮೀನು ಕೂತಿತ್ತು, ಇವತ್ತು ನಾ ಕೂತೆ ಅಂತ ಮಂಜಣ್ಣ ನಕ್ಕ. ಬೆಳ್ಳಿ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಾರಿಯುದ್ದಕ್ಕೂ ಅವನ ಬಾಯಿ ನಿಲ್ಲಲಿಲ್ಲ. ಯಾವ ತಿರುವಿನ ಮನೆಯಲ್ಲಿ ಯಾವ ಮೀನಿಗೆ ಎಷ್ಟು ಚೌಕಾಸಿ ನಡೆಯುತ್ತಿತ್ತು ಎಲ್ಲ ಹೇಳಿದ. ಇವರು ಮೀನಿನ ಹೆಸರನ್ನೂ ಸರಿಯಾಗಿ ಅರಿಯದವರು, ಹೂಂ ಹೂಂ ಅನ್ನುತ್ತ ತುಳಿಯುತ್ತಿದ್ದರು.

ನಮ್ಮ ಕೇರಿಯ ಬಾಯಲ್ಲಿ, ಟಾರು ಮುಗಿದು ಕಾಂಕ್ರೀಟು ಶುರುವಾಗುವಲ್ಲಿ, ಚಕ್ರದ ಸದ್ದು ಬದಲಾಗುತ್ತಲೇ ಮಂಜಣ್ಣ ಇವರ ಬೆನ್ನು ತಟ್ಟಿ ಇಳಿದೇಬಿಟ್ಟ. ಕಾಲು ನೋವಾಯಿತೇನೋ ಅಂತ ನಾನು ಸ್ಕೂಟಿ ನಿಲ್ಲಿಸಿ ಓಡಿದೆ. ನೋವಲ್ಲವಂತೆ.

“ಇಲ್ಲಿಂದ ನಾ ಇಳ್ದು ತಳ್ಕಂಡೇ ಹೋಗೂದು, ಅಮ್ಮಾ. ಹಾರನ್ನೂ ಹೊಡೂದಿಲ್ಲ. ನಿಮ್ಮನೇಲೆಲ್ಲ ಪೂಜೆ ಹೊತ್ತು.”

ಆಚೆ ಕೇರಿಗೆ ಮೀನು ಒಯ್ಯಲು ಅವನಿಗೆ ಇದ್ದದ್ದು ಇದೊಂದೇ ದಾರಿ. ಯಾರು ಹೇಳಿದ್ದು ಇಳಿಯಲಿಕ್ಕೆ ಅಂತ ಕೇಳಿದರೆ, ಯಾರೂ ಹೇಳಿಲ್ಲ ಅಂದ. ನಾನು ಈ ಕೇರಿಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ನಮ್ಮಲ್ಲಿ ಮೀನಿನವನು ಬರುವುದೇ ಇಲ್ಲ ಅಂತಲೇ ತಿಳಿದಿದ್ದೆ. ದಿನಾ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಈ ಮನುಷ್ಯ ಸದ್ದಿಲ್ಲದೆ ನಡೆದುಹೋಗಿದ್ದಾನೆ. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

ಇವರು ಸೈಕಲ್ಲು ಹಿಡಿದು ನಿಂತಿದ್ದರು. ನಾನು ಮಂಜಣ್ಣನ ಕೈ ಹಿಡಿದು ಕ್ಯಾರಿಯರಿನ ಹತ್ತಿರ ಕರೆತಂದೆ.

“ಕೂತ್ಕೋ ಮಂಜಣ್ಣ. ಬಾಗಿಲ ತನಕ ಕೂತ್ಕಂಡೇ ಬರ್ಬೇಕು.”

ಅವನು ಕೂತ. ಆಮೇಲೆ ದನಿ ತಗ್ಗಿಸಿ, ಎಲ್ಲ ನೋಡ್ತಿದ್ರಾ ಅಂತ ಕೇಳಿದ. ನೋಡುತ್ತಿದ್ದರು, ಎರಡೂ ಬದಿಯ ಜಗುಲಿಗಳಿಂದ.

“ನೋಡ್ಲಿ,” ಅಂದೆ. ಇವರು ಪೆಡಲು ತುಳಿದರು.