ಅಂಗನವಾಡಿ ಕರಡಿ ಯಾರದು?

ಮೊಮ್ಮಗಳು ಫೋನು ಹಿಡಿದು ಕೂತಿದ್ದಳು. ಕಾರ್ಟೂನುಗಳು ಹೇಗೆ ಹುಟ್ಟಿದವೆಂದು ಬರೆದು ತರಲು ಸ್ಕೂಲಿನಲ್ಲಿ ಹೇಳಿದ್ದಾರಂತೆ. "ಅಜ್ಜಿ, ಒಬ್ಬ ಪಕ್ಕದ್ಮನೆಯೋನ ಮೂಗು ನೋಡಿ ಬಾತುಕೋಳಿ ಬರೆದ್ನಂತೆ!" ಎಂದು ನಕ್ಕಳು. ಇಷ್ಟು ತಿಳಿಯಲು ಫೋನು ಬೇಕೇ, ನೀವೇ ಹೇಳಿ. ನಮ್ಮೂರ ಅಂಗನವಾಡಿ ಗೋಡೆಯ ಮೇಲೊಂದು ಕರಡಿಯಿದೆ. ಅದು ಹುಟ್ಟುವಾಗ ಸೂಲಗಿತ್ತಿಯ ಹಾಗೆ ಪಕ್ಕದಲ್ಲೇ ನಿಂತಿದ್ದವಳು ನಾನು.

ಆಗ ನಾನಲ್ಲಿ ಅಡುಗೆ ಮಾಡುತ್ತಿದ್ದೆ. ಗೋಡೆಗೆ ಕಾರ್ಟೂನು ಬರೆಯಲು ಶಿರಾದಿಂದ ಒಬ್ಬ ಸಾಬರು ಬಂದರು. ಜನ್ಮವೆಲ್ಲ ಲಾರಿಗಳ ಹಿಂದೆ, ದೃಷ್ಟಿ ತಾಗದಿರಲೆಂದು ನಾಲಿಗೆ ಚಾಚಿದ ರಕ್ಕಸನ ಮುಖ ಬರೆದವರು, ಕಾರ್ಟೂನು ಕಂಡವರಲ್ಲ. ಪಂಚಾಯ್ತಿ ಮೆಂಬರಪ್ಪ ಬೆಳಗಿನಿಂದ ಎದುರಿಗೇ ಹೊಟ್ಟೆ ಬಿಟ್ಟುಕೊಂಡು ನಿಂತು, "ಕರಡಿ ಇನ್ನೊಸಿ ದಪ್ಪ ಬರ್ಲಿ ಸಾಬ್ರೇ" ಎನ್ನುತ್ತಿದ್ದರು. ಸಾಬರು ಎದುರಿಗಿದ್ದದ್ದನ್ನೇ ಬರೆದರು. ಅದೇ ಹೊಟ್ಟೆ, ಅದೇ ಜೋಲು ತುಟಿ.

ವಾರ ಕಳೆಯುವಷ್ಟರಲ್ಲಿ ಮೆಂಬರಪ್ಪ ಬಂದರೆ ಸಾಕು, "ಕರಡಿ ಬಂತು!" ಎಂದು ಮಕ್ಕಳ ಕೂಗು. ಅವರು ಕೆಂಡವಾದರು. "ಸುಣ್ಣ ಬಳ್ದುಬುಡಮ್ಮ. ಸಂಜೆಗೆ ಇದು ಇಲ್ಲಿರಬಾರ್ದು."

ಬಾಗಿಲಲ್ಲಿ ಅಳುತ್ತಿದ್ದ ಕೂಸುಗಳು ಆ ಕರಡಿಗೆ ಒರಗಿ ಉಣ್ಣಲು ಕಲಿತಿದ್ದವು. ಅಳಿಸುವುದು ಹೇಗೆ?

"ಅದು ನೀನಲ್ಲ ಕಣಣ್ಣ, ನಾನು" ಎಂದುಬಿಟ್ಟೆ. "ತುಟಿ ನೋಡು, ಹೊಟ್ಟೆ ನೋಡು. ಸಾಬ್ರು ನನ್ನೇ ನೋಡಿ ಬರೆದ್ರು."

ಮೆಂಬರಪ್ಪ ಒಮ್ಮೆ ಗೋಡೆ, ಒಮ್ಮೆ ನನ್ನನ್ನು ನೋಡಿದರು. "ಹೌದಲ್ಲಮ್ಮೋ! ಥೇಟ್ ನೀನೇ!" ಇಷ್ಟು ಬೇಗ ಒಪ್ಪುತ್ತಾರೆಂದು ನಾನೂ ಎಣಿಸಿರಲಿಲ್ಲ. ಸುಣ್ಣ ತಪ್ಪಿತು. ಊರಿಗೆಲ್ಲ ಅವರೇ ಸಾರಿ ಬಂದರು. ಅಂದಿನಿಂದ ನಾನು ಕರಡಿಯಮ್ಮ. ಮಗಳ ಮದುವೆಯಲ್ಲಿ ಬೀಗರೂ ಹಾಗೇ ಕರೆದರು, ನುಂಗಿಕೊಂಡೆ.

ಈಗ ನೋಡಿ ಮಜಾ. ಅಲ್ಲಿ ಕಲಿತ ಹುಡುಗರು ದೊಡ್ಡವರಾಗಿ, ಕರಡಿಯ ಪಕ್ಕ ನಿಂತು ಫೋಟೋ ತೆಗೆದು ಎಲ್ಲೆಲ್ಲಿಗೋ ಕಳಿಸುತ್ತಾರೆ. ಮುದಿ ಮೆಂಬರಪ್ಪ ಟೀ ಅಂಗಡಿಯಲ್ಲಿ ಕೂತು, "ಅದು ನನ್ನನ್ನೇ ನೋಡಿ ಬರೆದದ್ದು ಕಣ್ರಲಾ" ಎನ್ನತೊಡಗಿದ್ದಾರೆ. ಹೇಳುವುದು ನಿಜ; ಅದೇ ನನಗೆ ಉರಿ. ಅವಮಾನವಾಗಿದ್ದಾಗ ನನ್ನದು, ಹೆಸರು ಬಂದಾಗ ಅವರದೇ?

ಎಲ್ಲ ಕೇಳಿದ ಮೊಮ್ಮಗಳು ಪೆನ್ನು ತೆಗೆದಳು. "ಅಂಗಾರೆ ಯಾರ ಹೆಸರು ಬರೀಲಜ್ಜಿ?"

"ನಂದೇ ಬರಿ."

"ಸುಳ್ಳಲ್ವಾ?"

"ಬರ್ಯೋವಾಗ ಅವರ್ದು. ಸುಣ್ಣ ಬಳಿಯಕ್ಕೆ ಬಂದಾಗ ಯಾರ್ದಾಯ್ತು? ಅದ್ನೂ ಸೇರಿಸಿ ಬರಿ."

ಬರೆದಳು. ಪುಸ್ತಕ ಇಸಿದುಕೊಂಡು ಅಕ್ಷರ ಕೂಡಿಸಿ ಎರಡು ಸಲ ಓದಿದೆ. ನಾಳೆ ಟೀ ಅಂಗಡಿ ಮುಂದೆ ಓದುವಾಗ ತಡವರಿಸಬಾರದಲ್ಲ.