ಎರಡು ತಾಸಿನ ಹಿಟ್ಟು

ಇವತ್ತು ರಾಯಚೂರಿನಲ್ಲಿ ಪಿಜ್ಜಾ ಎಂದರೆ ಯಾರಿಗೂ ಹೊಸದಲ್ಲ. ಮೊಮ್ಮಕ್ಕಳು ಫೋನಿನಲ್ಲಿ ಹೇಳಿ ತರಿಸುತ್ತಾರೆ, ರಟ್ಟಿನ ಡಬ್ಬಿ ಬಿಚ್ಚಿ ಕೂರುತ್ತಾರೆ. ನಾನು ಎದ್ದು ಹೊರಗಿನ ಕಟ್ಟೆಗೆ ಹೋಗುತ್ತೇನೆ. ತಾತನಿಗೆ ಚೀಜಿನ ವಾಸನೆ ಆಗುವುದಿಲ್ಲ ಎಂದುಕೊಂಡಿದ್ದಾರೆ. ವಾಸನೆಯ ಮಾತಲ್ಲ. ನಾನು ಅದನ್ನು ದೇವದುರ್ಗದಲ್ಲಿ, ಜಾಲಿ ಕಟ್ಟಿಗೆಯ ಭಟ್ಟಿಯಲ್ಲಿ ಬೇಯಿಸಿದಾಗ ಈ ಮಕ್ಕಳ ಅಪ್ಪಂದಿರು ಇನ್ನೂ ಚಡ್ಡಿ ಹಾಕುತ್ತಿದ್ದರು. ಅವತ್ತು ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಊರು ಮಾನ್ವಿ ಕಡೆಯ ಬಾಗಲವಾಡ. ನಾಲ್ಕನೆಯ ತರಗತಿಗೆ ಸಾಲೆ ಬಿಟ್ಟೆ. ಅಪ್ಪ ಸತ್ತ, ಅವ್ವ ಕೂಲಿಗೆ ಹೋದಳು, ನಾನು ರಾಯಚೂರಿಗೆ ಬಂದು ಸ್ಟೇಷನ್ ಹತ್ತಿರದ ಒಂದು ಬೇಕರಿಗೆ ಸೇರಿದೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೊದಲ ಎರಡು ವರ್ಷ ಬರೀ ಪಾವು ಬೇಯಿಸುವ ತಗಡು ತಿಕ್ಕಿದೆ, ಕಟ್ಟಿಗೆ ಒಡೆದೆ. ಹಿಟ್ಟು ಉಬ್ಬಿಸುವ ಖಮೀರನ್ನು ಕಲಸುವ ಹೊತ್ತಿಗೆ ಬೇಕರಿ ನಡೆಸುವ ಉಸ್ತಾದ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಖಮೀರಿನ ಅಳತೆ ಅವನ ಮನೆತನದ ಆಸ್ತಿ. ನಾನು ಅದನ್ನು ಕಣ್ಣಿನಿಂದ ಕಲಿಯಲಿಲ್ಲ, ಮೂಗಿನಿಂದ ಕಲಿತೆ. ಬಾಗಿಲ ಸಂದಿಯಿಂದ ಬರುವ ವಾಸನೆ ಯಾವಾಗ ಸಿಹಿ, ಯಾವಾಗ ಹುಳಿ, ಎಷ್ಟು ಹುಳಿಯಾದ ಮೇಲೆ ಅವನು ಬಾಗಿಲು ತೆಗೆಯುತ್ತಾನೆ ಎಂದು ಲೆಕ್ಕ ಇಟ್ಟೆ. ಐದನೆಯ ವರ್ಷ ಒಂದು ದಿನ ಉಸ್ತಾದ ಜ್ವರ ಬಂದು ಮಲಗಿದ. ನಾನೇ ಕಲಸಿದೆ. ಮರುದಿನ ಅವನು ಪಾವು ಮುರಿದು ಮೂಸಿ, ನನ್ನ ಮುಖ ನೋಡಿ, ಪೂರ್ತಿ ತಿಂದ. ಅವತ್ತಿನಿಂದ ಬಾಗಿಲು ಹಾಕುವಾಗ ನಾನು ಒಳಗೆ ಇರುತ್ತಿದ್ದೆ.

ಹನ್ನೆರಡು ವರ್ಷ ಅಲ್ಲಿ ದುಡಿದೆ. ಆಮೇಲೆ ಹೆಂಡತಿಯ ಅಣ್ಣ ದೇವದುರ್ಗದಲ್ಲಿ ಒಂದು ಖಾಲಿ ಜಾಗ ತೋರಿಸಿದ. ಇಟ್ಟಿಗೆ, ಕೆಮ್ಮಣ್ಣು, ಬೆಲ್ಲದ ನೀರು ಹಾಕಿ ನನ್ನ ಕೈಯಿಂದಲೇ ಸ್ವಂತ ಭಟ್ಟಿ ಕಟ್ಟಿದೆ. ರಾಯಚೂರಿನ ಬೇಕರಿಯಲ್ಲಿ ನಾನು ನಾದಿದ ಹಿಟ್ಟಿನ ಪಾವನ್ನು ಎಲ್ಲ ಓಣಿಯವರೂ ತಿನ್ನುತ್ತಿದ್ದರು. ಯಾರು ನಾದಿದರು ಎಂದು ಒಬ್ಬರೂ ಕೇಳಿರಲಿಲ್ಲ. ದೇವದುರ್ಗದಲ್ಲಿ ನನ್ನದೇ ಅಂಗಡಿ ಇಟ್ಟಾಗ ಮೊದಲು ಊರು ಕೇಳಿದರು, ಆಮೇಲೆ ಊರಲ್ಲಿ ಯಾವ ಕೇರಿ ಎಂದು ಕೇಳಿದರು. ನಾನು ಮುಚ್ಚಿಡಲಿಲ್ಲ. ಆಮೇಲೆ ಬಹಳ ಜನ ನನ್ನ ಅಂಗಡಿ ದಾಟಿ ಹೋಗಿ ರಾಯಚೂರಿನಿಂದ ಬಸ್ಸಿನ ಮೇಲೆ ಬರುವ, ಒಂದು ದಿನ ಹಳೆಯ, ಚಪ್ಪಟೆಯಾದ ಬ್ರೆಡ್ಡು ಕೊಳ್ಳತೊಡಗಿದರು. ಅದೇ ನನ್ನ ಹಳೆಯ ಬೇಕರಿಯ ಬ್ರೆಡ್ಡು.

ಆಗ ಊರ ಹೊರಗೆ ಕಾಲುವೆ ಕೆಲಸದ ಕ್ಯಾಂಪು ಬಿದ್ದಿತ್ತು. ಎಂಜಿನಿಯರುಗಳು, ಕ್ಲಾರ್ಕುಗಳು, ಅವರ ಹೆಂಡಿರು ಮಕ್ಕಳು. ಹೊರಗಿನ ಊರಿನವರು, ಅವರಿಗೆ ಬ್ರೆಡ್ಡು ಬೇಕು, ಕೇರಿ ಬೇಕಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಕ್ಯಾಂಪಿನ ಬ್ರೆಡ್ಡು ನನಗೆ ಸಿಕ್ಕರೆ ಭಟ್ಟಿ ಉಳಿಯುತ್ತದೆ, ಸಿಗದಿದ್ದರೆ ಮಳೆಗಾಲದೊಳಗೆ ಆರಿಹೋಗುತ್ತದೆ. ಇದು ನನಗೂ ಗೊತ್ತಿತ್ತು, ನನ್ನ ಹೆಂಡತಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ದೊಡ್ಡ ಎಂಜಿನಿಯರ ಮುಂದೆ ಮೂರು ಸಲ ಹೋಗಿ ನಿಂತೆ. ಮೂರನೆಯ ಸಲ ಅವರು, ಭಾನುವಾರ ಬೆಂಗಳೂರಿನಿಂದ ಮೇಲಿನ ಸಾಹೇಬರು ಬರುತ್ತಾರೆ, ಫಾರಿನ್ನಿಗೆ ಹೋಗಿ ಬಂದವರು, ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಯವರು ಏನೋ ಮಾಡಿಸಬೇಕು ಅಂತಿದ್ದಾರೆ, ಅದಕ್ಕೆ ಭಟ್ಟಿ ಬೇಕಂತೆ, ಅದೊಂದು ಸರಿಯಾಗಿ ಮಾಡಿಕೊಡು, ಬ್ರೆಡ್ಡಿನ ಮಾತು ಆಮೇಲೆ ನೋಡೋಣ ಎಂದರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಜೀಪು ಬಂತು. ಎಂಜಿನಿಯರ ಹೆಂಡತಿ ಇಳಿದರು. ಕೈಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಹಿಂದೆ ಡ್ರೈವರು ಚೀಜಿನ ಡಬ್ಬಿ, ಟೊಮೆಟೊ, ಹೈದರಾಬಾದಿನಿಂದ ತರಿಸಿದ ಈಸ್ಟಿನ ಪೊಟ್ಟಣ ಹಿಡಿದು ನಿಂತಿದ್ದ. ಅವರು ಪುಸ್ತಕದ ಚಿತ್ರ ತೋರಿಸಿದರು: ದುಂಡನೆಯ ರೊಟ್ಟಿ, ಮೇಲೆ ಕೆಂಪು, ಅದರ ಮೇಲೆ ಬಿಳಿ, ನಡುವೆ ಮಾಂಸದ ಚೂರು. ಇಷ್ಟೇನಾ ಎಂದುಕೊಂಡೆ.

ಮಾಂಸ ತಂದಿಡು ಎಂದು ಹಿಂದಿನ ದಿನವೇ ಹೇಳಿ ಕಳಿಸಿದ್ದರು, ಹೇಗೆ ಮಾಡಬೇಕೆಂದು ಏನೂ ಹೇಳಲಿಲ್ಲ, ಅದು ನನ್ನ ಪಾಲಿಗೆ ಬಂತು. ಬೆಳಕು ಹರಿಯುವ ಮುಂಚೆಯೇ ಕುರಿಯ ತೊಡೆ ತಂದು ಕತ್ತಿಯಿಂದ ಕೊಚ್ಚಿ ಖೀಮಾ ಮಾಡಿಟ್ಟಿದ್ದೆ. ಶುಂಠಿ, ಬೆಳ್ಳುಳ್ಳಿ, ಖಾರ ಹಾಕಿ, ನೀರು ಪೂರ್ತಿ ಹಾರುವ ತನಕ ಹುರಿದೆ. ಹಸಿ ಖೀಮಾ ಇಟ್ಟರೆ ಅದರ ನೀರು ಇಳಿದು ರೊಟ್ಟಿಯ ನಡು ಹಸಿಹಸಿ ಉಳಿಯುತ್ತದೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಒಂದು ಡಬ್ಬಿ ಚೀಜು ಅವರು ಹೇಳಿದ ಎಂಟು ರೊಟ್ಟಿಗೆ ಸಾಲುವಂತಿರಲಿಲ್ಲ. ನನ್ನ ಹೆಂಡತಿ ಎಮ್ಮೆ ಹಾಲಿಗೆ ನಿಂಬೆಹಣ್ಣು ಹಿಂಡಿ ಒಡೆಸಿ, ಬಿಳಿ ಧೋತರದಲ್ಲಿ ಕಟ್ಟಿ, ಮೇಲೆ ರುಬ್ಬುಗುಂಡು ಹೇರಿದಳು. ಉಪ್ಪು ಬೆರೆಸಿದ ಆ ಗಟ್ಟಿಯನ್ನು ಚೀಜಿನ ಜೊತೆ ತುರಿದು ಕಲಸಿದೆವು. ಮೇಡಂ ಚೂರು ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಎಂದರು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು.

ಕೆಟ್ಟಿದ್ದು ಹಿಟ್ಟಿನಲ್ಲಿ. ನಾನು ನನ್ನ ಖಮೀರಿನ ಗಡಿಗೆ ತಂದೆ. ಅವರು ಮೂಗಿಗೆ ಸೆರಗು ಹಿಡಿದರು. ಅದು ಬೇಡ, ಗಲೀಜು, ಪೊಟ್ಟಣದ್ದೇ ಹಾಕು ಎಂದರು. ಹಾಕಿದೆ. ಬೆಚ್ಚಗಿನ ನೀರು ಅಂದರು, ಹಾಕಿದೆ. ಚೆನ್ನಾಗಿ ನಾದು ಅಂದರು. ಹನ್ನೆರಡು ವರ್ಷ ನಾದಿದವನಿಗೆ ಅದನ್ನೂ ಹೇಳಿದರು. ನಾದಿದೆ. ಆಮೇಲೆ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು, ಬೆಚ್ಚಗಿನ ಜಾಗದಲ್ಲಿ ಎರಡು ಗಂಟೆ ಇಡಬೇಕು ಎಂದರು.

ಅದು ಮೇ ತಿಂಗಳು. ಒಂಬತ್ತು ಗಂಟೆಗೇ ಅಂಗಡಿಯ ತಗಡಿನ ಸೂರಿನ ಕೆಳಗೆ ನಿಲ್ಲಲಾಗುತ್ತಿರಲಿಲ್ಲ, ಪಕ್ಕದಲ್ಲಿ ಭಟ್ಟಿ ಬೇರೆ ನಿಗಿನಿಗಿ ಉರಿಯುತ್ತಿತ್ತು. ನಾನು ಸಮಾಧಾನದಿಂದಲೇ ಹೇಳಿದೆ.

"ಅಮ್ಮಾರ, ಎರಡು ತಾಸು ಇಟ್ರ ಹಿಟ್ಟು ಸಾಯ್ತದರಿ. ಇದು ನಮ್ಮ ಸೀಮಿ ಬಿಸಲು. ಅರ್ಧ ತಾಸಿಗೆ ಎದ್ದು ಕುಂದರತದ."

"ಪುಸ್ತಕದಲ್ಲಿ ಎರಡು ಗಂಟೆ ಅಂತ ಬರೆದಿದೆಯಲ್ಲಪ್ಪಾ."

"ಪುಸ್ತಕ ಬರದವ್ರು ದೇವದುರ್ಗಕ್ಕ ಬಂದಿಲ್ಲರಿ."

ಅವರು ನಕ್ಕರು. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನಕ್ಕು, ನನ್ನ ಕಡೆ ಮರುಕದಿಂದ ನೋಡಿ, "ನೀನು ಎಷ್ಟನೇ ಕ್ಲಾಸು ಓದಿದೀಯಾ?" ಎಂದು ಕೇಳಿದರು.

ನಾಲ್ಕನೆಯದು ಎಂದೆ. ಹಾಗಾದರೆ ಹೇಳಿದಷ್ಟು ಮಾಡು ಎಂದರು. ಡ್ರೈವರನಿಗೆ, ಗಡಿಯಾರ ನೋಡಿಕೊಂಡು ಇಲ್ಲೇ ಕೂತಿರು, ಎರಡು ಗಂಟೆ ಆಗುವ ತನಕ ಇವನು ಮುಟ್ಟದಂತೆ ನೋಡು ಎಂದು ಹೇಳಿ, ಬೇರೆ ಜೀಪು ಕರೆಸಿಕೊಂಡು ಹೋದರು.

ನಾನು ಮುಟ್ಟಲಿಲ್ಲ. ಬ್ರೆಡ್ಡಿನ ಕೆಲಸ ಕೈತಪ್ಪೀತು ಎಂದು ನಾನು ಮುಟ್ಟಲಿಲ್ಲ. ಅರ್ಧ ತಾಸಿಗೆ ಹಿಟ್ಟು ಉಬ್ಬಿ, ನಾದಿದ ಅಗಲ ಪರಾತದ ಅಂಚಿಗೆ ಬಂತು. ಬದಿಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು, ಅದು ಭಟ್ಟಿಗೆ ಹೋಗುವ ಹೊತ್ತು. ಡ್ರೈವರು ಬೀಡಿ ಸೇದುತ್ತ, ಇನ್ನಾ ಒಂದೂವರಿ ತಾಸು ಅದ ಎಂದ. ಒಂದು ತಾಸಿಗೆ ಹಿಟ್ಟು ಅಂಚು ದಾಟಿ ನೆಲಕ್ಕೆ ಜೋತುಬಿತ್ತು. ಆಮೇಲೆ ನಡು ಕುಸಿಯಿತು. ಎರಡು ತಾಸಿಗೆ ಅದು ಹಿಟ್ಟಾಗಿ ಉಳಿದಿರಲಿಲ್ಲ. ಎಳೆದರೆ ಎಳೆ ಬರಲಿಲ್ಲ, ಹಳಸಿದ ಹೆಂಡದ ವಾಸನೆ ಹೊಡೆಯುತ್ತಿತ್ತು. ಡ್ರೈವರು ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡು, "ಅಣ್ಣಾ, ಇದನ್ನ ತಿಂದ್ರ ಸಾಹೇಬ್ರು ಕಾಲುವಿ ಕೆಲಸ ಬಿಟ್ಟು, ತಂಬಿಗಿ ತೊಗೊಂಡು ಕಾಲುವಿ ದಂಡಿ ಹಿಡೀತಾರ" ಎಂದ.

ನಗುವ ಹೊತ್ತಲ್ಲ, ಆದರೂ ನಕ್ಕೆ. ಆ ಹಿಟ್ಟನ್ನು ಪರಾತದ ಸಮೇತ ಒಯ್ದು ಹಿತ್ತಲಲ್ಲಿ ಎಮ್ಮೆಯ ಮುಂದೆ ಸುರುವಿದೆ. ಎಮ್ಮೆ ಮೂಸಿ ನೋಡಿ ಮುಖ ತಿರುವಿತು. ಬಂದು ನನ್ನ ಗಡಿಗೆ ತೆಗೆದೆ. ಖಮೀರು ಅವತ್ತು ಹದವಾಗಿ, ಎಳೆ ಹುಣಸೆಕಾಯಿಯಂತೆ ಹುಳಿಯಾಗಿತ್ತು. ಹೊಸ ಮೈದಾ, ತಣ್ಣೀರು, ಚೂರು ಎಣ್ಣೆ. ನಾದಿ, ಹಸಿ ಬಟ್ಟೆ ಮುಚ್ಚಿ, ಬೇವಿನ ನೆರಳಿಗೆ ಇಟ್ಟೆ. ಗಡಿಯಾರ ನೋಡಲಿಲ್ಲ, ಬೆರಳು ಒತ್ತಿ ನೋಡಿದೆ. ಒತ್ತಿದ ಕುಳಿ ಮೆಲ್ಲಗೆ ಮೇಲೆ ಬಂದಾಗ ಎತ್ತಿದೆ. ಲಟ್ಟಣಿಗೆ ಮುಟ್ಟಿಸದೆ ಅಂಗೈಯಿಂದಲೇ ತಟ್ಟಿ ಅಗಲ ಮಾಡಿದೆ. ನಮ್ಮವ್ವ ಜೋಳದ ರೊಟ್ಟಿ ತಟ್ಟುತ್ತಿದ್ದ ಹಾಗೆ. ಬೇಯಿಸಿ ಅರೆದ ಟೊಮೆಟೊ ಬಳಿದು, ಖೀಮಾ ಉದುರಿಸಿ, ಮೇಲೆ ಚೀಜು ಹರಡಿ, ಉದ್ದನೆಯ ಹಲಗೆಯ ಮೇಲೆ ಭಟ್ಟಿಗೆ ತಳ್ಳಿದೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಬೊಟ್ಟು ಬಿತ್ತು. ಚೀಜು ಕರಗಿ ಖೀಮಾವನ್ನು ಹಿಡಿದುಕೊಂಡಿತು. ಎಂಟೂ ಹಾಗೇ ಬಂದವು. ನನ್ನ ಕೈಯ ಕೆಲಸ ನೋಡಿ ನಾನೇ ಸ್ವಲ್ಪ ಹೊತ್ತು ನಿಂತೆ. ಡ್ರೈವರನಿಗೆ ಒಂದು ತುಂಡು ಕೊಟ್ಟೆವು, ತಿಂದು ಬೆರಳು ನೆಕ್ಕಿದ. ಹಿಟ್ಟಿನ ಮಾತು ನಾ ಎಲ್ಲಿಯೂ ಎತ್ತಂಗಿಲ್ಲ ಎಂದ. ನನ್ನ ಹೆಂಡತಿ ಅವನ ಎದುರಿಗೇ ನನಗೆ ತಾಕೀತು ಮಾಡಿದಳು: ಯಾರ ಹಿಟ್ಟು ಅಂತ ನೀನೂ ಎತ್ತಬ್ಯಾಡ, ಬ್ರೆಡ್ಡಿನ ಕೆಲಸಕ್ಕ ಹೂಂ ಅನ್ನಿಸಿಕೊಂಡು ಬಾ.

ಬಂಗಲೆಯಲ್ಲಿ ಹಿಂದಿನ ಬಾಗಿಲಿಗೆ ತಗಡುಗಳನ್ನು ಇಳಿಸಿ, ಹೊರಗೆ ನೆರಳಿನಲ್ಲಿ ನಿಂತೆ. ಒಳಗಿನಿಂದ ಮಾತು ಕೇಳುತ್ತಿತ್ತು. ಬೆಂಗಳೂರಿನ ಸಾಹೇಬರು ಎರಡನೆಯದನ್ನೂ ಹಾಕಿಸಿಕೊಂಡರು. ಫಾರಿನ್ನಿನಲ್ಲೂ ಇಂಥದ್ದು ತಿಂದಿಲ್ಲ, ಈ ಬಿಸಿಲೂರಿನಲ್ಲಿ ಯಾರು ಮಾಡಿದರು ಎಂದು ಕೇಳಿದರು. ಆಗ ನನ್ನನ್ನು ಒಳಗೆ ಕರೆದರು. ಹೊಸ್ತಿಲ ಹತ್ತಿರ ನಿಂತೆ. ಹೆಂಡತಿಯ ಮಾತು ತಲೆಯಲ್ಲಿತ್ತು, ಬಾಯಿ ತೆರೆಯಬಾರದೆಂದೇ ನಿಂತಿದ್ದೆ.

ಮೇಡಂ ಹೇಳಿದರು, ಇವನೇ ನೋಡಿ, ಪಾಪ ಏನೂ ಗೊತ್ತಿರಲಿಲ್ಲ, ಅದೇನೋ ಕೊಳೆತ ಗಡಿಗೆ ತಂದಿದ್ದ, ಅರ್ಧ ಗಂಟೆಗೇ ಹಿಟ್ಟು ತೆಗೆದುಬಿಡುವವನಿದ್ದ, ನಾನು ಬಿಡಲಿಲ್ಲ, ಎರಡು ಗಂಟೆ ಇಡಿಸಿದೆ, ಈ ಜನಕ್ಕೆ ಎದುರು ನಿಂತು ಹೇಳಿದರೆ ಕಲಿಯುತ್ತಾರೆ. ಎಲ್ಲರೂ ನಕ್ಕರು. ಎಂಜಿನಿಯರು ನನ್ನ ಕಡೆ ತಿರುಗಿ, "ಸೋಮವಾರದಿಂದ ಕ್ಯಾಂಪಿನ ಬ್ರೆಡ್ಡು ನೀನೇ ಕೊಡು" ಎಂದರು.

ಅಲ್ಲಿಗೆ ನಮಸ್ಕಾರ ಮಾಡಿ ಬಂದಿದ್ದರೆ ಆಗುತ್ತಿತ್ತು. ನಾನು ಕೈ ಕೂಡ ಎತ್ತಿದ್ದೆ. ಮೇಡಂ ಇನ್ನೊಂದು ಮಾತು ಸೇರಿಸಿದರು: "ಅಳತೆ ಎಲ್ಲಾ ನಾನು ಬರೆದು ಕಳಿಸ್ತೀನಿ. ಯಾರ ಹತ್ತಿರನಾದ್ರೂ ಓದಿಸ್ಕೊಂಡು ಹಾಗೇ ಮಾಡು."

ಎತ್ತಿದ ಕೈ ಇಳಿಯಿತು.

"ಸಾಹೇಬ್ರ, ಅಮ್ಮಾರ ಎರಡು ತಾಸಿನ ಹಿಟ್ಟು ನಮ್ಮ ಹಿತ್ತಲದಾಗ ಬಿದ್ದದರಿ. ನಮ್ಮ ಎಮ್ಮಿ ಮೂಸಿ ನೋಡಿ ಬಿಟ್ಟದ. ನೀವು ಉಂಡಿದ್ದು ಆ ಕೊಳತ ಗಡಿಗಿದು."

ಬೆಂಗಳೂರಿನ ಸಾಹೇಬರು ಕೈಯಲ್ಲಿದ್ದ ತುಂಡನ್ನು ತಟ್ಟೆಯಲ್ಲಿಟ್ಟರು. ಮೇಡಂ ಮುಖ ಕೆಂಪಾಯಿತು, ಸುಳ್ಳು ಹೇಳುತ್ತಿದ್ದಾನೆ ಎಂದರು. ಎಂಜಿನಿಯರು ಡ್ರೈವರನನ್ನು ಕರೆದು, ನೀನು ಅಲ್ಲೇ ಇದ್ದೆಯಲ್ಲ, ಏನಾಯಿತು ಹೇಳು ಎಂದರು. ಅವನ ಮೀಸೆಯ ತುದಿಯಲ್ಲಿ ನನ್ನ ಟೊಮೆಟೊದ ಕೆಂಪು ಇನ್ನೂ ಅಂಟಿತ್ತು. ಅವನು ನೆಲ ನೋಡುತ್ತ ಹೇಳಿದ.

"ನನಗ ಗೊತ್ತಿಲ್ಲರಿ. ನಾ ಜೀಪಿನಾಗ ಮಲಗಿದ್ದೆ."

ಅವನನ್ನು ನಾನು ಬೈಯಲಿಲ್ಲ. ನೌಕರಿ ಅವನದೂ ಇತ್ತು. ಆದರೆ ಕ್ಷಮಿಸಿಯೂ ಇಲ್ಲ. ಎಂಜಿನಿಯರು ನನಗೆ, ಸರಿ, ಹೋಗು ಎಂದರು. ಸೋಮವಾರದ ಮಾತು ಯಾರೂ ಎತ್ತಲಿಲ್ಲ. ನನ್ನ ತಗಡುಗಳನ್ನು ಮೂರು ದಿನದ ಮೇಲೆ ಯಾರೋ ಅಂಗಡಿಯ ಮುಂದೆ ಇಟ್ಟು ಹೋದರು, ತೊಳೆದಿರಲಿಲ್ಲ, ಇರುವೆ ಮುತ್ತಿದ್ದವು.

ಹೆಂಡತಿ ಆ ದಿನ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆಷಾಢದ ಹೊತ್ತಿಗೆ ದೇವದುರ್ಗದ ಭಟ್ಟಿ ಆರಿತು. ನಾನೇ ಗುದ್ದಲಿಯಿಂದ ಒಡೆದು, ಬರುವಷ್ಟು ಇಟ್ಟಿಗೆ ಆರಿಸಿ, ಮಾನ್ವಿಗೆ ಹೋಗುವ ಲಾರಿಯ ಮೇಲೆ ಹೇರಿದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಮತ್ತೆ ಕಟ್ಟಿದೆ, ಅದರ ಮೇಲೆಯೇ ಮಕ್ಕಳನ್ನು ಓದಿಸಿದೆ, ಆ ಮಾತು ಬೇರೆ. ಲಾರಿಯಲ್ಲಿ ಇಟ್ಟಿಗೆಗಳ ನಡುವೆ ಕೂತಾಗ ನಾನು ಮೇಡಂ ಅವರನ್ನು, ಡ್ರೈವರನನ್ನು, ಬಸ್ಸಿನ ಬ್ರೆಡ್ಡು ತಿನ್ನುವ ಊರನ್ನು ಒಟ್ಟಿಗೆ ಬೈಯುತ್ತಿದ್ದೆ. ನಾನು ಬಾಯಿಬಿಟ್ಟಿದ್ದು ತಪ್ಪಲ್ಲ, ನನ್ನ ಕೈಯನ್ನು ನಾನು ಬಿಟ್ಟುಕೊಡಲಿಲ್ಲ ಎಂದೂ ಹೇಳಿದೆ. ಅವಳು ಮಡಿಲಲ್ಲಿ ಮಗುವನ್ನು ಹಾಕಿಕೊಂಡು ಎಲ್ಲ ಕೇಳಿಸಿಕೊಂಡಳು. ಸಿರವಾರ ದಾಟಿದ ಮೇಲೆ ಮಾತಾಡಿದಳು.

"ನಾ ಒಂದು ಕೇಳ್ತೀನಿ. ಉಂಡ ಮ್ಯಾಲೆ ಸಾಹೇಬರ ಮುಂದ ಅಷ್ಟು ಮಾತಾಡಿದಿ. ಹಿಟ್ಟು ನಿನ್ನ ಕಣ್ಣ ಮುಂದ ಸಾಯಾಕತ್ತಿದಾಗ ಎರಡು ತಾಸು ಯಾಕ ಸುಮ್ಮ ನಿಂತಿದ್ದಿ?"

ಮಾನ್ವಿ ಬರುವ ತನಕ ನಾನು ಮತ್ತೆ ಯಾರನ್ನೂ ಬೈಯಲಿಲ್ಲ.